ಬಂಗಾರಮ್ಮನ ಮೆಂಟರ್ ಡೈರಿ

ಶಿವಮೊಗ್ಗದ ನಮ್ಮ ಬಾಲಕಿಯರ ಆಶ್ರಯಮನೆಯಲ್ಲಿ ಪ್ರತಿ ಮಗುವಿಗೂ ಸಿಬ್ಬಂದಿಯಲ್ಲೊಬ್ಬರು ಮೆಂಟರ್ ಆಗಬೇಕೆಂದು ತೀರ್ಮಾನವಾದಾಗ ಪಟ್ಟಿ ಮಾಡಿದವಳು ಮೇಲ್ವಿಚಾರಕಿಯಾದ ನಾನೇ. ದಿವ್ಯಶ್ರೀ ಯಾರಿಗೂ ಬೇಡವಾಗಿದ್ದಳು. ಹತ್ತು ವರ್ಷದ ಈ ಹುಡುಗಿ ಎರಡು ಸಲ ಓಡಿಹೋಗಿ, ಎರಡೂ ಸಲ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಿದ್ದಳು. ಯಾಕೆಂದು ಕೇಳಿದರೆ ಬಾಯಿ ಬಿಡುತ್ತಿರಲಿಲ್ಲ. ಇನ್ನೊಮ್ಮೆ ಓಡಿದರೆ ಬೇರೆ ಜಿಲ್ಲೆಗೆ ಕಳಿಸುವುದಾಗಿ ಮಕ್ಕಳ ಕಲ್ಯಾಣ ಸಮಿತಿಯವರು ಹೇಳಿದ್ದರು. ಕೊನೆಗೆ ಅವಳನ್ನು ಅಡುಗೆಯ ಬಂಗಾರಮ್ಮನಿಗೆ ಗಂಟು ಹಾಕಿ ಕೈ ತೊಳೆದುಕೊಂಡೆ.

ಬಂಗಾರಮ್ಮ ಭದ್ರಾವತಿಯ ನ್ಯೂ ಟೌನಿನಿಂದ ದಿನಾ ಮೊದಲ ಬಸ್ಸಿಗೆ ಬರುವವರು. ಹಿಂದೆ ಕ್ಯಾಂಟೀನೊಂದರಲ್ಲಿ ಇಪ್ಪತ್ತು ವರ್ಷ ಬಡಿಸಿದವರು. ತಟ್ಟೆಯಲ್ಲಿ ಏನು ಮಿಕ್ಕಿದೆ ಎಂದು ನೋಡದೆ ಯಾರ ತಟ್ಟೆಯನ್ನೂ ಎತ್ತುವುದಿಲ್ಲ. ಮಗುವಿನ ನಡವಳಿಕೆ ಬರೆಯಿರಿ ಎಂದು ಡೈರಿ ಕೊಟ್ಟರೆ ಅವರು ಬರೆದದ್ದು ಹೀಗೆ: "ಸೋಮವಾರ ಇಡ್ಲಿ ಮೂರು. ಮಂಗಳವಾರ ಅನ್ನ ಬಿಟ್ಟಳು. ಶನಿವಾರ ಚಪಾತಿ ನಾಲ್ಕು ಕೊಟ್ಟೆ. ಎರಡು ತಿಂದಳು, ಎರಡು ಫ್ರಾಕಿನ ಜೇಬಿಗೆ."

"ಇದೇನು ಬಂಗಾರಮ್ಮ, ಡೈರಿನೋ ಹೋಟ್ಲು ಮೆನುನೋ?" ಎಂದು ರೇಗಿದೆ.

"ನಂಗೆ ಗೊತ್ತಿರೋದು ಇಷ್ಟೇ ಮೇಡಂ. ಆದ್ರೆ ನೋಡಿ, ನಾಲ್ಕು ಶನಿವಾರನೂ ಎರಡೆರಡು ಎತ್ತಿಟ್ಟಿದೆ. ಹೊಟ್ಟೆ ಹಸಿದು ಎತ್ತಿಡೋ ಮಗು ಶನಿವಾರಕ್ಕೇ ಕಾಯಲ್ಲ. ಇದು ಬೇರೆ ಯಾರಿಗೋ."

ಅವಳು ಓಡಿಹೋದ ಎರಡು ದಿನವೂ ಭಾನುವಾರವೇ ಎಂಬುದು ನನಗೆ ಹೊಳೆದದ್ದು ಆಗ. ನಾಚಿಕೆಯಾಯಿತು.

ಸಂಜೆ ಬೆಳ್ಳುಳ್ಳಿ ಬಿಡಿಸಲು ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಬಂಗಾರಮ್ಮ ಕೇಳಿದರು: "ಚಪಾತಿ ಯಾರಿಗೆ ಪುಟ್ಟಿ?"

"ನನ್ ತಮ್ಮಂಗೆ. ಸುದೀಪಂಗೆ. ಭದ್ರಾವತೀಲಿ ಹುಡುಗರ ಆಶ್ರಮದಲ್ಲಿದಾನೆ. ಭಾನುವಾರ ಅಲ್ಲಿ ನೋಡೋಕೆ ಬಿಡ್ತಾರಂತೆ, ಹೆಂಗಾದ್ರೂ ಹೋಗೋಣಾಂತ ಎತ್ತಿಡ್ತೀನಿ. ಹೇಳಿದ್ರೆ ಅವನನ್ನ ದೂರ ಕಳಿಸ್ತೀರಾ."

ಹುಡುಗನ ಕಡತ ಬೇರೆ, ಇವಳದು ಬೇರೆ. ಇವಳ ಕಡತದಲ್ಲಿ ತಮ್ಮನ ಹೆಸರೇ ಇರಲಿಲ್ಲ, ಮೂರು ಸಲ ಓದಿದ್ದ ನನಗೂ ಅನುಮಾನ ಬಂದಿರಲಿಲ್ಲ.

ಆ ಡೈರಿಯನ್ನೇ ಸಮಿತಿಯ ಮುಂದಿಟ್ಟೆ. ಪ್ರತಿ ಭಾನುವಾರ ಮೆಂಟರ್ ಜೊತೆ ಹೋಗಿ ಬರಲು ಒಪ್ಪಿಗೆ ಸಿಕ್ಕಿತು. ಬಂಗಾರಮ್ಮನಿಗೆ ವಾರಕ್ಕಿರುವುದು ಅದೊಂದೇ ರಜೆ. ಆ ದಿನವೂ ಬಸ್ಸು ಹತ್ತಿ ಬಂದು, ಅವಳನ್ನು ಕರೆದುಕೊಂಡು ಮತ್ತೆ ಭದ್ರಾವತಿಗೆ ಹೋದರು. ಸುದೀಪನಿಗೆಂದು ಬೇರೆಯೇ ಡಬ್ಬಿ ಕಟ್ಟಿದ್ದರು.

ಮುಂದಿನ ಶನಿವಾರದ ಪುಟದಲ್ಲಿ ಹೀಗಿತ್ತು: "ಚಪಾತಿ ನಾಲ್ಕು ಕೊಟ್ಟೆ. ನಾಲ್ಕೂ ತಿಂದಳು. ಇನ್ನೊಂದು ಕೇಳಿದಳು."