ನನ್ನ ಮೇಲೆ ಕಣ್ಣಿಡಿ ಎಂದ ಸಿಸ್ಟರ್

ವಾರ್ಡಿನ ಸಿಸ್ಟರ್ ಎಡಗೈಯಲ್ಲಿ ಮಣಿಕಟ್ಟಿನಿಂದ ಮೊಣಕೈವರೆಗೆ ನೀಲಿ ಬಾಲ್‌ಪೆನ್ನಿನ ಬರಹ. ಬೆಡ್ ನಂಬರು, ಗಂಟೆ, ಅರ್ಧಂಬರ್ಧ ಮದ್ದಿನ ಹೆಸರು. ಒಂದರ ಮೇಲೊಂದು ಬರೆದು, ಸ್ಯಾನಿಟೈಸರ್ ತಾಗಿ ಕಲಸಿಹೋಗಿ, ದೂರದಿಂದ ನೋಡಿದರೆ ಏಟು ಬಿದ್ದು ಕಂದಿದ ಹಾಗೆ ಕಾಣುತ್ತಿತ್ತು. ಮೊದಲ ದಿನವೇ ನನಗೆ ಆ ಕೈ ಸರಿಬರಲಿಲ್ಲ. ಪುಸ್ತಕ ಇರುವಾಗ ಕೈಮೇಲೆ ಯಾಕೆ ಬರೆದುಕೊಳ್ಳಬೇಕು? ಏನನ್ನೋ ಅಳಿಸಲಿಕ್ಕೇ ಹೀಗೆ ಬರೆಯುತ್ತಾರೆ ಅನ್ನಿಸಿತು.

ಬೂದಿಕೋಟೆ ಹತ್ತಿರದ ನಮ್ಮೂರಿನಲ್ಲಿ ಅಮ್ಮ ಹಾಲು ಕರೆದು ಏಳುವಾಗ ಕೊಟ್ಟಿಗೆಯಲ್ಲಿ ಜಾರಿ ಸೊಂಟದ ಮೂಳೆ ಮುರಿದುಕೊಂಡಿದ್ದಳು. ಉರಿಗಾಂ ಕಡೆ ಆಗ ಇದ್ದ ಸಣ್ಣ ಖಾಸಗಿ ಆಸ್ಪತ್ರೆಯೊಂದರಲ್ಲಿ ಆಪರೇಷನ್ ಆಯಿತು. ನಾನು ಅಂಗನವಾಡಿ ಟೀಚರ್. ರಜೆ ಹಾಕಿ ಅಮ್ಮನ ಮಂಚದ ಪಕ್ಕ ಸ್ಟೂಲಿನ ಮೇಲೆ ಕೂತವಳು ಕಾವಲು ಕಾಯತೊಡಗಿದೆ.

ಹೆಂಗಸರ ವಾರ್ಡಿಗೆ ಹಗಲೆಲ್ಲ ಆ ಸಿಸ್ಟರ್ ಒಬ್ಬರೇ. ನಲವತ್ತರ ಆಸುಪಾಸು. ಚಾಂಪಿಯನ್ ರೀಫ್ಸ್‌ನ ಗಣಿ ಕೆಲಸಗಾರರ ಮನೆಯವರು, ಮನೆಮಾತು ತಮಿಳು. ಮೊದಲೆಲ್ಲ ಕನ್ನಡದವರಿಗೆ ಕನ್ನಡ, ತೆಲುಗರಿಗೆ ತೆಲುಗು ಆಡುತ್ತಿದ್ದರಂತೆ. ನಾನು ನೋಡುವಷ್ಟರಲ್ಲಿ ಎಲ್ಲ ಬೆರೆತುಹೋಗಿತ್ತು. ಅಮ್ಮನನ್ನು "ಸಾಪ್ಟೀಂಗಳಾ ಅಜ್ಜಿ?" ಎಂದು ಕೇಳುವರು. ಅಮ್ಮ "ಊಂ ತಾಯಿ, ಎರ್ಡ್ ತುತ್ತು ಉಂಡೆ" ಅನ್ನುವ ಹೊತ್ತಿಗೆ ಮೂರು ಮಂಚ ದಾಟಿರುವರು. ಯಾರೂ ಕರೆಯದಿದ್ದರೂ "ಬಂದೆ, ಬಂದೆ" ಅನ್ನುವುದೊಂದು ಅಭ್ಯಾಸ. ಒಮ್ಮೆ ಖಾಲಿ ಕಾರಿಡಾರಿನಲ್ಲಿ ಗೋಡೆಗೆ ಒರಗಿ, ಕಣ್ಣು ಮುಚ್ಚಿಕೊಂಡೇ "ಬಂದೆ" ಅಂದದ್ದನ್ನು ಕಂಡೆ. ಏನಾದರೂ ಮಾತ್ರೆ ನುಂಗುತ್ತಾರಾ ಎಂದು ಅವತ್ತಿನಿಂದ ಅವರ ಬ್ಯಾಗನ್ನೂ ಗಮನಿಸತೊಡಗಿದೆ.

"ಅದ್ಯಾಕಂಗೆ ನೋಡ್ತೀಯೇ ಅವ್ಳನ್ನ?" ಎಂದಳು ಅಮ್ಮ. "ಪಾಪ, ನಿಂತ್ಕಂಡೇ ನಿದ್ದೆ ಮಾಡ್ತವ್ಳೆ. ಡಬ್ಬೀಲಿರೋ ಮುದ್ದೆ ಒಸಿ ಕೊಡೋಗು."

"ಪಾಪ ಅನ್ನೋಕೆ ಅವರೇನು ನಮ್ಮ ನೆಂಟರಾ?" ಎಂದೆ.

ಮೂರನೆಯ ದಿನ ನನ್ನ ಅನುಮಾನಕ್ಕೆ ಆಧಾರ ಸಿಕ್ಕಿತು. ಮಂಚಕ್ಕೆ ತೂಗುಹಾಕಿದ್ದ ಚಾರ್ಟಿನಲ್ಲಿ ಮಧ್ಯಾಹ್ನ ಎರಡು ಗಂಟೆಯ ಬಿಪಿ ಬರೆದಾಗಿತ್ತು. ಗಡಿಯಾರದಲ್ಲಿ ಇನ್ನೂ ಹನ್ನೆರಡೂವರೆ. ಹಿಂದಿನ ಹಾಳೆ ತಿರುವಿದರೆ ಎರಡು ದಿನದಿಂದ ಒಂದೇ ಅಂಕಿ. ಅಮ್ಮನ ತೋಳಿಗೆ ಪಟ್ಟಿ ಸುತ್ತಿದ್ದನ್ನು ನಾನು ನೋಡಿದ್ದು ಒಂದೇ ಸಲ. ಮೊಬೈಲಿನಲ್ಲಿ ಫೋಟೊ ಹಿಡಿದೆ.

ಆ ಸುಳ್ಳು ನನಗೆ ಅಷ್ಟು ಬೇಗ ಗೊತ್ತಾಗಲು ಕಾರಣವಿತ್ತು. ಸರ್ವೆ, ಮೀಟಿಂಗು, ಆ್ಯಪು ಎಂದು ಓಡಾಡಿ ಸೋತ ತಿಂಗಳುಗಳಲ್ಲಿ ನಾನೂ ಮಕ್ಕಳನ್ನು ತಕ್ಕಡಿಗೆ ಹತ್ತಿಸದೆ, ಕಣ್ಣಂದಾಜಿನಲ್ಲಿ ತೂಕ ಬರೆದವಳೇ. ಹಾಗಂತ ಅವತ್ತು ಕನಿಕರ ಬರಲಿಲ್ಲ, ಇನ್ನೂ ಸಿಟ್ಟೇ ಬಂತು. ಒಂದು ಹಾಳೆ ತುಂಬ ದೂರು ಬರೆದು ಕೆಳಗಿನ ಆಫೀಸಿಗೆ ಕೊಟ್ಟು ಬಂದೆ.

ಮಾರನೆಯ ದಿನ ಊಟಕ್ಕೆ ಮುಂಚೆ ಸಿಸ್ಟರ್ ಟ್ರೇ ಹಿಡಿದು ಬಂದರು. ಅಮ್ಮನ ತೋಳು ಒರೆಸಿ, ಸಣ್ಣ ಸಿರಿಂಜಿನ ಕಿತ್ತಳೆ ಮುಚ್ಚಳ ತೆಗೆದರು. ಆ ಸಿರಿಂಜನ್ನು ನಾನು ದಿನಾ ನೋಡುತ್ತಿದ್ದೆ. ಪಕ್ಕದ ಮಂಚದ ಸಕ್ಕರೆ ಕಾಯಿಲೆಯ ಅಜ್ಜಿಗೆ ಕೊಡುವ ಇನ್ಸುಲಿನ್ ಅದು. ಅಮ್ಮನಿಗೆ ಸಕ್ಕರೆ ಕಾಯಿಲೆ ಇರಲಿಲ್ಲ.

ಅವರ ಕೈ ಹಿಡಿದುಬಿಟ್ಟೆ. "ಸಿಸ್ಟರ್, ಇದು ಯಾರದು?"

"ಅಜ್ಜೀದು."

"ಯಾವ ಅಜ್ಜೀದು?"

ಅವರು ಸಿರಿಂಜ್ ನೋಡಿದರು, ಅಮ್ಮನ ಮುಖ ನೋಡಿದರು. "ಅಯ್ಯೋ ಮಾರಿಯಮ್ಮಾ" ಎಂದು ಮಂಚದ ಅಂಚಿಗೆ ಕೂತುಬಿಟ್ಟರು.

ಯಾರಿಗೂ ಹೇಳಬೇಡಿ ಎಂದು ಈಗ ಕೈಮುಗಿಯುತ್ತಾರೆ ಎಂದುಕೊಂಡೆ. ಮುಗಿಯಲಿಲ್ಲ. ಫೈಲು ಎರಡು ಸಲ ನೋಡಿ ಪಕ್ಕದ ಅಜ್ಜಿಗೆ ಇಂಜೆಕ್ಷನ್ ಕೊಟ್ಟು, ಮೇಜಿಗೆ ಹೋಗಿ ರಿಜಿಸ್ಟರ್ ಎಳೆದುಕೊಂಡರು. ದಾಖಲೆ ತಿದ್ದುತ್ತಾರೇನೋ ಎಂದು ಬೆನ್ನ ಹಿಂದೆಯೇ ಹೋಗಿ ಬಗ್ಗಿ ನೋಡಿದೆ. ಇಂಗ್ಲಿಷಿನಲ್ಲಿ ಬರೆಯುತ್ತಿದ್ದರು, ಓದಿಕೊಳ್ಳುವಷ್ಟು ನನಗೆ ಬರುತ್ತದೆ. "ತಪ್ಪು ರೋಗಿಗೆ ಇನ್ಸುಲಿನ್ ಕೊಡಲು ಹೋಗಿದ್ದೆ, ರೋಗಿಯ ಮಗಳು ತಡೆದರು." ಕೆಳಗೆ ತಮ್ಮ ಸಹಿ.

ಮೇಜಿನ ಮೇಲೆ ಗೋಡೆಗೆ ಡ್ಯೂಟಿ ಪಟ್ಟಿ ಅಂಟಿಸಿತ್ತು. ಬೆಳಗಿನ ಪಾಳಿಯಲ್ಲೂ ಅವರ ಹೆಸರು, ಮಧ್ಯಾಹ್ನದ ಪಾಳಿಯಲ್ಲೂ ಅವರದೇ. ಅವರ ವಾರದ ರಜೆಯ ಮೇಲೆ ಕೆಂಪು ಗೀಟು, ಸಾಲಾಗಿ ಮೂರು ವಾರ.

"ಬೇರೆಯವರು ಬಿಟ್ಟು ಹೋದ್ರು ಅಕ್ಕಾ, ಆ ಜಾಗಕ್ಕೆ ಯಾರನ್ನೂ ತಗೊಂಡಿಲ್ಲ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ನೀವು ನನ್ನ ಮೇಲೆ ಕಣ್ಣಿಟ್ಟಿರೋದು ಗೊತ್ತು. ಹಾಗೇ ಇಡಿ. ನಂಗೇ ನನ್ನ ಮೇಲೆ ನಂಬಿಕೆ ಇಲ್ಲ. ಮೊದ್ಲೆಲ್ಲ ಯಾರಾದ್ರೂ ತೀರಿಕೊಂಡ್ರೆ ಬಾತ್‌ರೂಮಿಗೆ ಹೋಗಿ ಅಳ್ತಿದ್ದೆ. ಈಗ, ಒಂದು ಬೆಡ್ ಕಮ್ಮಿ ಆಯ್ತು ಅನ್ಸುತ್ತೆ. ಅದಕ್ಕೇ ಭಯ ಆಗೋದು."

ಮರುದಿನ ಬೆಳಿಗ್ಗೆ ಮ್ಯಾನೇಜರ್ ನನ್ನನ್ನು ಕರೆಸಿದರು. ಮೇಜಿನ ಮೇಲೆ ಎರಡು ಕಾಗದ: ನನ್ನ ದೂರು, ಆ ರಿಜಿಸ್ಟರ್ ಹಾಳೆಯ ಜೆರಾಕ್ಸು.

"ನೀವು ಹೇಳಿದ್ದು ಸರಿ ಮೇಡಂ. ಆಕೇನ ತೆಗೀತಿದೀವಿ," ಎಂದರು, ನನಗೆ ಉಪಕಾರ ಮಾಡಿದವರ ಹಾಗೆ.

ಆಗ ನನ್ನ ಅನುಮಾನ ದಿಕ್ಕು ಬದಲಿಸಿತು. "ಅವರ ರಜೆಗೆಲ್ಲ ಯಾಕೆ ಗೀಟು ಹಾಕಿದೀರಿ?"

"ಅದು ನಮ್ಮ ಒಳಗಿನ ವಿಷಯ."

ನನ್ನ ದೂರು ವಾಪಸ್ ಕೊಡಿ ಎಂದೆ. ಫೈಲಿಗೆ ಸೇರಿಬಿಟ್ಟಿದೆ, ಬರಲ್ಲ ಎಂದರು. ನಾನು ಮೆಟ್ಟಿಲು ಹತ್ತಿ ವಾರ್ಡಿಗೆ ಬರುವಷ್ಟರಲ್ಲಿ ಸಿಸ್ಟರ್ ಹೊರಟುಹೋಗಿದ್ದರು.

ಅವರ ಜಾಗಕ್ಕೆ ಬಂದ ಹುಡುಗಿ ಚಾರ್ಟನ್ನು ಬಲು ಅಂದವಾಗಿ ತುಂಬುತ್ತಿದ್ದಳು. ಹೊತ್ತು ಹೊತ್ತಿಗೆ ಬೇರೆ ಬೇರೆ ಅಂಕಿ. ನಾನು ಅಂಕಿಗಳನ್ನೇ ಕಾಯುತ್ತ ಕೂತೆ. ವಾರ ಕಳೆದು ಮನೆಗೆ ಬಂದು ಅಮ್ಮನ ಮೈ ಒರೆಸುವಾಗ ನೋಡಿದರೆ ಬೆನ್ನಿನ ಕೆಳಗೆ ಅಂಗೈಯಗಲ ಹುಣ್ಣು. ಮಲಗಿದಲ್ಲೇ ಮಲಗಿ ಆದದ್ದು.

"ಅಲ್ಲೇ ಯಾಕೆ ಹೇಳಲಿಲ್ಲಮ್ಮ?"

"ಆ ತಾಯಿ ಇರೋಗಂಟ ಆಗಿರ್ನಿಲ್ಲ ಕಣೇ," ಎಂದಳು ಅಮ್ಮ. "ನೀನು ಟೀ ಕುಡಿಯಾಕೆ ಓದಾಗೆಲ್ಲ ಬಂದು ಮಗ್ಗುಲು ತಿರುಗಿಸಿ, ಬೆನ್ನಿಗೆ ಪೌಡ್ರು ಆಕಿ ಓಗ್ತಿದ್ಲು."

ಅವರ ಯಾವ ಕೆಲಸ ಸುಳ್ಳು ಎಂದು ಅಷ್ಟು ಚೆನ್ನಾಗಿ ಲೆಕ್ಕ ಇಟ್ಟಿದ್ದ ನಾನು ಇದನ್ನು ಒಂದು ಸಲವೂ ಕಂಡಿರಲಿಲ್ಲ. ಹುಣ್ಣು ಮಾಯಲು ನಾಲ್ಕು ತಿಂಗಳು ಹಿಡಿಯಿತು.

ಹೋದ ವರ್ಷ ಬಂಗಾರಪೇಟೆ ಸ್ಟೇಷನ್ನಿನಲ್ಲಿ, ಬೆಂಗಳೂರಿಗೆ ದಿನಾ ಓಡಾಡುವವರ ಗುಂಪಿನಲ್ಲಿ ಅವರು ಸಿಕ್ಕರು. ಮೈ ಸ್ವಲ್ಪ ತುಂಬಿಕೊಂಡಿತ್ತು. ಬಟ್ಟೆ ಅಂಗಡಿಯಲ್ಲಿ ಕೆಲಸವಂತೆ.

"ಮತ್ತೆ ಆಸ್ಪತ್ರೆಗೆ ಹೋಗಲೇ ಇಲ್ವಾ ಸಿಸ್ಟರ್?"

"ಇಲ್ಲ ಅಕ್ಕಾ. ಸೀರೆ ತಪ್ಪಾಗಿ ಮಡಚಿದ್ರೆ ಬಿಚ್ಚಿ ಇನ್ನೊಂದ್ಸಲ ಮಡಚಬಹುದು." ಆಮೇಲೆ, "ಅಜ್ಜಿ ಹೇಗಿದಾರೆ?"

"ಕೋಲು ಹಿಡ್ಕೊಂಡು ಓಡಾಡ್ತಾಳೆ." ಕೊನೆಗೂ ಶುರು ಮಾಡಿದೆ. "ಸಿಸ್ಟರ್, ಆ ದೂರು..."

"ತೋರ್ಸಿದ್ರು, ಓದಿದೆ. ನಿಮ್ಮ ಅಕ್ಷರ ಎಷ್ಟು ಮುದ್ದಾಗಿದೆ ಅಕ್ಕಾ," ಎಂದರು. ರೈಲು ಬಂತು. ಗುಂಪಿನ ಜೊತೆ ಹತ್ತಿ ಒಳಗೆ ಹೋಗಿಬಿಟ್ಟರು.

ನನ್ನನ್ನು ಕ್ಷಮಿಸಿ ಹಾಗಂದರೋ, ಚುಚ್ಚಲು ಅಂದರೋ, ಇವತ್ತಿಗೂ ನನಗೆ ತಿಳಿದಿಲ್ಲ. ಕಣ್ಣಿಟ್ಟು ಕಾದು ತಾಯಿಯ ಜೀವ ಉಳಿಸಿದಳು ಎಂದು ಊರಿನವರು ನನ್ನನ್ನು ಹೊಗಳುತ್ತಾರೆ. ಆ ಆಸ್ಪತ್ರೆಯಲ್ಲಿ ತನ್ನ ತಪ್ಪನ್ನು ತಾನೇ ಬರೆದಿಟ್ಟವರು ಅವರೊಬ್ಬರೇ. ಅವರನ್ನು ಹೊರಗೆ ಕಳಿಸಿದ ಕಾಗದಗಳಲ್ಲಿ ಒಂದು ನನ್ನದು.