ಭರಣಿಯ ಬಾಯಿಗೆ ಕಟ್ಟಿದ ಅರಿವೆ

ಜ್ವರದಲ್ಲಿ ಬಡಬಡಿಸುವವರ ಮಾತಿಗೆ ಅರ್ಥ ಹುಡುಕುವವರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಕಾಣದ್ದು ಕಾಣುವುದು, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಯಲ್ಲಾಪುರದ ಒಂದು ಮಧ್ಯಾಹ್ನ ನೆನಪಾದರೆ ಇವತ್ತಿಗೂ ತಲೆ ತಗ್ಗುತ್ತದೆ. ಯಾರಿಗೂ ಹೇಳದ್ದನ್ನು ನಿಮ್ಮೆದುರು ಹೇಳಿಬಿಡುತ್ತೇನೆ.

ಮೂವತ್ತರ ದಶಕದ ಮಾತು. ನಾನು ಶಿರಸಿಯಲ್ಲಿ ಆರೋಗ್ಯ ಇನ್ಸ್‌ಪೆಕ್ಟರನಾಗಿದ್ದೆ. ಆ ವರ್ಷ ಮೈಕೈ ಮುರಿಯುವ ಜ್ವರ ಹಬ್ಬಿತ್ತು. ಡಾಕ್ಟರರು ಅದನ್ನು ಡೆಂಗ್ಯೂ ಎಂದರು. ಅದು ಕ್ವಿನೈನಿಗೆ ಬಗ್ಗುವುದಿಲ್ಲ. ಮಲಗಿ, ನೀರು ಗಂಜಿ ಕುಡಿದು ಕಳೆಯಬೇಕು. ಹಗಲು ಕಚ್ಚುವ ಪಟ್ಟೆಕಾಲಿನ ಸೊಳ್ಳೆಯಿಂದ ಬರುತ್ತದೆ. ವಾರಕ್ಕೊಮ್ಮೆ ಹಂಡೆ ಬರಿದು ಮಾಡಿ ತಿಕ್ಕಿ, ರೋಗಿಯನ್ನು ಸೊಳ್ಳೆಪರದೆಯೊಳಗೆ ಮಲಗಿಸಿ ಎಂದು ಊರೂರಲ್ಲಿ ಭಾಷಣ ಮಾಡುತ್ತಿದ್ದೆ. ಬರೀ ಮಾತನ್ನು ಯಾರು ಕೇಳುತ್ತಾರೆ? ತೋರಿಸಲೆಂದು ಗಾಜಿನ ಭರಣಿಯಲ್ಲಿ ಜೀವಂತ ಸೊಳ್ಳೆಮರಿಗಳನ್ನು ಒಯ್ಯುತ್ತಿದ್ದೆ. ಅದರ ಬಾಯಿಗೆ ತೆಳುವಾದ ಅರಿವೆ ಕಟ್ಟಿರುತ್ತಿತ್ತು.

ಯಲ್ಲಾಪುರದಲ್ಲಿ ಚಕ್ಕಡಿ ಬಾಡಿಗೆಯ ಇಮಾಮಸಾಬರ ಮನೆಯಲ್ಲಿ ಇಳಿದೆ. ಬಂದ ದಿನವೇ ನಮಾಜಿಗೆ ಮುಂಚೆ ಕೈಕಾಲು ತೊಳೆಯುವ ಅವರ ವಜೂ ನೀರಿನ ಹಂಡೆ ನೋಡಿ, ಮುಚ್ಚಿಲ್ಲವೆಂದು ನಾಲ್ಕು ಜನರೆದುರು ಬೈದೆ. ಎಲ್ಲೋ ಮೊದಲೇ ಅಂಟಿಸಿಕೊಂಡಿದ್ದ ಜ್ವರ ಸಂಜೆಗೆ ನನಗೇ ಏರಿತು. ಐದು ದಿನ ಹೊರಕೋಣೆಯಲ್ಲಿ ಬಿದ್ದಿದ್ದೆ. ಇಮಾಮಸಾಬರ ವಯಸ್ಸಾದ ತಾಯಿ ಪರದೆಯಾಚೆಯಿಂದಲೇ ಗಂಜಿ ಕಳಿಸುತ್ತಿದ್ದರು. ಅವರ ಮುಖ ನಾನು ಕಂಡಿಲ್ಲ.

ಎರಡನೆಯ ದಿನ ತಲೆನೋವು ತಡೆಯಲಾಗಲಿಲ್ಲ. ಬಾಗಿಲಿಗೆ ಅಗಳಿ ಹಾಕಿತ್ತು, ಕಿಟಕಿ ಮುಚ್ಚಿತ್ತು. ಭರಣಿಯ ಅರಿವೆಯನ್ನೇ ಬಿಚ್ಚಿ, ನೀರಲ್ಲಿ ಅದ್ದಿ ಹಣೆಗೆ ಹಾಕಿಕೊಂಡು ಮಲಗಿದೆ. ಎಚ್ಚರವಾದಾಗ ಮರಿಗಳೆಲ್ಲ ಸೊಳ್ಳೆಯಾಗಿ ಹಾರಿ, ಭರಣಿಯಲ್ಲಿ ಬರೀ ಸಿಪ್ಪೆ ತೇಲುತ್ತಿತ್ತು. ಗುಟ್ಟಾಗಿ ಹಿತ್ತಲಿಗೆ ಚೆಲ್ಲಿದೆ. ಜ್ವರದವನನ್ನು ಕಚ್ಚಿದ ಸೊಳ್ಳೆ ಎಂಟು ಹತ್ತು ದಿನ ಕಳೆದ ಮೇಲೆ ಇನ್ನೊಬ್ಬರಿಗೆ ಅದನ್ನು ದಾಟಿಸುತ್ತದೆಂದು ನನಗಿಂತ ಚೆನ್ನಾಗಿ ಅಲ್ಲಿ ಯಾರಿಗೂ ತಿಳಿದಿರಲಿಲ್ಲ. ಆದರೂ ಬಾಯಿ ಬಿಡಲಿಲ್ಲ.

ಮೂರು ವಾರದ ಮೇಲೆ ಮತ್ತೆ ಹೋದಾಗ ಆ ತಾಯಿ ಮಲಗಿದ್ದರು. ನೀರೂ ಇಳಿಯುತ್ತಿಲ್ಲ, ಉಳಿಯುವುದು ಕಷ್ಟ ಎಂದು ಇಮಾಮಸಾಬರು ಕಣ್ಣೀರಿಟ್ಟರು. ನಾನು ಪರದೆಯ ಈಚೆ ಕೂತು, ಚಮಚದಲ್ಲಿ ನೀರು ಹಾಕುತ್ತಿರಲು ಹೇಳುತ್ತಿದ್ದೆ. ಒಳಗಿನಿಂದ ದನಿ ಬಂತು. ಮನೆಯಲ್ಲಿ ಉರ್ದುವನ್ನೇ ಆಡುವ ಆಕೆ ಕನ್ನಡದಲ್ಲಿ ಹೇಳಿದರು:

"ಬಾಟ್ಲಿ ಅರಿವಿ ಬಿಚ್ಚಿ ಹಣಿಗೆ ಹಾಕ್ಕೊಂಡ್ಯಲ್ಲೋ ಮಗನ. ಹುಳಕ್ಕ ರೆಕ್ಕಿ ಬಂದ್ವು. ಒಬ್ರಿಗರ ಹೇಳಬಾರದಿತ್ತೇನು?"

ನಾನು ಪರದೆಯಿಂದ ಹಿಂದೆ ಸರಿದೆ.

"ಯಾವ ಬಾಟ್ಲಿರಿ ಸಾಹೇಬ್ರ?" ಇಮಾಮಸಾಬರು ನನ್ನನ್ನೇ ನೋಡಿದರು.

ಆಗ ಹೇಳಬಹುದಿತ್ತು. ನಾನು ಹೇಳಿದ್ದು, "ಜ್ವರದ ಬಡಬಡಿಕೆ. ಕಿವಿಗೆ ಹಾಕ್ಕೋಬೇಡಿ." ಮತ್ತೆ ತಾಯಿಯಾಗಲಿ ಮಗನಾಗಲಿ ಆ ಮಾತು ಎತ್ತಲೇ ಇಲ್ಲ.

ದೇವರು ದೊಡ್ಡವನು, ಆಕೆ ಉಳಿದರು. ಕೈಬೆರಳಿನ ನೋವು ಮಾತ್ರ ತಿಂಗಳುಗಟ್ಟಲೆ ಇತ್ತಂತೆ. ಆ ದಿನ ಏನಂದಿರಿ ಎಂದು ಮಗನ ಮೂಲಕ ಕೇಳಿಸಿದೆ. ಏನೂ ನೆನಪಿಲ್ಲ ಎಂದರು. ಅಗಳಿ ಹಾಕಿದ ಕೋಣೆಯ ಸಂಗತಿ ಆಕೆಗೆ ಹೇಗೆ ತಿಳಿಯಿತು? ನನ್ನ ಜ್ವರದಲ್ಲಿ ನಾನೇ ಬಡಬಡಿಸಿದ್ದೆನೋ ಎಂದೂ ಯೋಚಿಸಿದ್ದೇನೆ. ಆದರೆ ಅರಿವೆ ಬಿಚ್ಚಿದಾಗ, ಭರಣಿ ಚೆಲ್ಲಿದಾಗ ನನಗೆ ಪೂರ್ತಿ ಎಚ್ಚರವಿತ್ತು. ಇಂದಿಗೂ ಬಗೆಹರಿದಿಲ್ಲ.

ಆ ಸಲ ನಾನು ಯಲ್ಲಾಪುರದಿಂದ ಹೊರಟ ದಿನ ಇಮಾಮಸಾಬರು ಬಸ್ಸಿನವರೆಗೆ ಬಂದರು. ನನ್ನ ಎರಡೂ ಕೈ ಹಿಡಿದು, "ನಮ್ಮ ಹಂಡೇದ ಹೊಲಸಿನಿಂದ ನಿಮಗೂ ಜ್ವರ ಬಂತು, ನಮ್ಮ ಅಮ್ಮಾಗೂ ಬಂತು. ಮಾಫ್ ಮಾಡ್ರಿ ಸಾಹೇಬ್ರ" ಎಂದರು.

"ಇರಲಿ ಬಿಡಿ, ಇನ್ನು ಮುಂದೆ ಜಾಗ್ರತೆ" ಎಂದು ಮಾಫ್ ಮಾಡಿ ಬಸ್ಸು ಹತ್ತಿದೆ.