ಕರವಸ್ತ್ರ ಸರಿಸಿ ಕೂತ ಕುರ್ಚಿ

ಮೈಮೇಲೆ ಬಂತು, ಕೈ ತಾನಾಗಿ ಬರೆಯಿತು ಎನ್ನುವ ಲೇಖಕರನ್ನು ಕಂಡರೆ ನನಗೆ ನಗು ಬರುತ್ತಿತ್ತು. ಬರೆಯಲು ಬೆನ್ನು ಬಗ್ಗಬೇಕು, ಅಷ್ಟೇ ಎನ್ನುತ್ತಿದ್ದೆ. ಈಗ ಆ ಮಾತು ಬಾಯಿಗೆ ಬರುವುದಿಲ್ಲ. ನೀವು ನಂಬಲೇಬೇಕೆಂದಿಲ್ಲ, ನಡೆದದ್ದನ್ನು ನಡೆದಂತೆ ಹೇಳುತ್ತೇನೆ.

ಕೆಲವು ವರ್ಷಗಳ ಹಿಂದಿನ ಮಾತು. ಚೆಂಬೂರು ಸ್ಟೇಷನ್ ಹತ್ತಿರದ ಕಾಫಿ ಅಂಗಡಿಯೊಂದರಲ್ಲಿ ನಾನು ಮಧ್ಯಾಹ್ನ ಕೂತು ಬರೆಯುತ್ತಿದ್ದೆ. ಬರೆಯುತ್ತಿದ್ದೆ ಎನ್ನುವುದು ಬರೀ ಮಾತಿಗೆ. ಕನ್ನಡ ಸಂಘದ ವಿಶೇಷಾಂಕಕ್ಕೆ ಕತೆ ಕೊಡುತ್ತೇನೆಂದು ಒಪ್ಪಿ ಮೂರು ತಿಂಗಳಾಗಿತ್ತು, ಹಾಳೆ ಖಾಲಿ. ಬಂದುಹೋಗುವವರ ಮುಖ ನೋಡುವುದೇ ಕೆಲಸವಾಗಿತ್ತು.

ಹಾಗೆ ಕಣ್ಣಿಗೆ ಬಿದ್ದವಳು ಹಸೀನಾ. ವಿಜಯಪುರದ ಕಡೆಯವಳು, ಕುರ್ಲಾದಲ್ಲಿ ಹೊಲಿಗೆ ಕೆಲಸ. ಸುತ್ತಲಿನ ಬಿಲ್ಡಿಂಗುಗಳಿಗೆ ರವಿಕೆ ಕೊಡಲು ಬಂದಾಗ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತು ನೋಟ್‌ಬುಕ್ಕಿನಲ್ಲಿ ಕನ್ನಡ ಬರೆಯುತ್ತಿದ್ದಳು. ಒಮ್ಮೆ ಕೇಳಿದ್ದಕ್ಕೆ, "ನಮ್ಮ ಓಣಿ ಹೆಂಗಸ್ರ ಮಾತ್ರಿ ಅಣ್ಣಾರ, ಮರತ ಹೋಗಬಾರದಂತ ಬರದಿಡ್ತೀನಿ" ಅಂದಿದ್ದಳು.

ಶಾಲೆ ಅರ್ಧಕ್ಕೆ ಬಿಟ್ಟ ಆ ಕೈ ಒಮ್ಮೆಯೂ ನಿಲ್ಲುತ್ತಿರಲಿಲ್ಲ. ಎರಡು ಪುಸ್ತಕ ಅಚ್ಚು ಹಾಕಿಸಿದ ನಾನು ಪೆನ್ನು ಕಚ್ಚುತ್ತಿದ್ದೆ. ಹೊಟ್ಟೆ ಉರಿಯುತ್ತಿತ್ತು, ಮುಚ್ಚಿಡುವುದೇನು? ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ನನಗೂ ಆಕೆಯ ಕುರ್ಚಿಯಲ್ಲೇ ಏನೋ ಇದೆ ಎನ್ನಿಸತೊಡಗಿತು.

ಒಂದು ದಿನ ಆಕೆ ಕುರ್ಚಿಯ ಮೇಲೆ ಕರವಸ್ತ್ರ ಇಟ್ಟು, ಎದುರಿನ ಬಿಲ್ಡಿಂಗಿಗೆ ರವಿಕೆ ಕೊಡಲು ಹೋದಳು. ಲೋಕಲ್ ರೈಲಿನಲ್ಲಿ ಓಡಾಡಿದವರಿಗೆಲ್ಲ ಗೊತ್ತು, ಕರವಸ್ತ್ರ ಇದ್ದರೆ ಸೀಟು ಹಿಡಿದಿದೆ ಎಂದರ್ಥ, ಸರಿಸಿದರೆ ಜಗಳ. ನಾನು ಸರಿಸಿ ಕೂತೆ. ನೋಟ್‌ಬುಕ್ ಆಕೆಯ ಚೀಲದಲ್ಲೇ ಹೋಗಿತ್ತು. ಅದನ್ನು ನಾನು ಮುಟ್ಟಿದವನೂ ಅಲ್ಲ, ಓದಿದವನೂ ಅಲ್ಲ.

ಕೂತದ್ದಷ್ಟೇ ಗೊತ್ತು, ಒಂಬತ್ತು ಪುಟ ಬರೆದಿದ್ದೆ. ತುಳು ಆಡಿ ಬೆಳೆದ, ವಿಜಯಪುರದ ದಾರಿಯನ್ನೇ ಕಾಣದ ನನ್ನ ಪೆನ್ನಿನಲ್ಲಿ ಆ ಸೀಮೆಯ ಮಾತು. ಹೊಟ್ಟೆಕಿಚ್ಚಿನಿಂದ ಅಕ್ಕನ ಮದುವೆ ಸೀರೆಯನ್ನು ಕತ್ತರಿಸಿ, ಕತ್ತರಿಯನ್ನು ಹಗೇವಿನಲ್ಲಿ ಬಚ್ಚಿಟ್ಟ ತಂಗಿಯ ಕತೆ. ಹಗೇವು ಎಂದರೆ ನೆಲದೊಳಗೆ ಜೋಳ ತುಂಬಿಡುವ ಗುಂಡಿ ಎಂದು ನಾನು ತಿಳಿದುಕೊಂಡದ್ದೇ ಆಮೇಲೆ.

ಹಸೀನಾ ಯಾವಾಗ ಬಂದು ಪಕ್ಕದಲ್ಲಿ ನಿಂತಳೋ ಕಾಣೆ. ಹಾಳೆ ಓದುತ್ತಿದ್ದಳು. ಬೈಯುತ್ತಾಳೆಂದುಕೊಂಡೆ, ಬೈಯಲಿಲ್ಲ.

"ಕತ್ರಿ ಎಲ್ಲಿಟ್ಟೆ ಅಂತ ನಾ ಇವತ್ತಿನ ಮಟಾ ಯಾರ ಮುಂದೂ ಹೇಳಿಲ್ರಿ" ಅಂದಳು. ಕರವಸ್ತ್ರ ಎತ್ತಿಕೊಂಡು, "ನನಗ ಬರಿಯಾಕ ಇದೊಂದ ಉಳಿದಿತ್ರಿ ಅಣ್ಣಾರ" ಅಂದು ಹೋದಳು. ಮತ್ತೆ ಆ ಅಂಗಡಿಗೆ ಬರಲಿಲ್ಲ.

ಆ ಪುಟಗಳನ್ನು ಹರಿದು ಹಾಕಬಹುದಿತ್ತು. ಹಾಕಲಿಲ್ಲ, ಸಂಘಕ್ಕೆ ಕಳಿಸಿದೆ. ಆಮೇಲೆ ಅದೇ ಕುರ್ಚಿಯಲ್ಲಿ ಎಷ್ಟೋ ಮಧ್ಯಾಹ್ನ ಕೂತೆ, ಒಂದು ಸಾಲೂ ಹುಟ್ಟಲಿಲ್ಲ. ಆ ದಿನ ಏನಾಯಿತೆಂದು ಇಂದಿಗೂ ನನಗೆ ತಿಳಿದಿಲ್ಲ. ನಾನು ಬರೆದದ್ದರಲ್ಲೆಲ್ಲ ಆ ಕತೆಯೇ ಒಳ್ಳೆಯದು ಎಂದು ಜನ ಈಗಲೂ ಹೊಗಳುತ್ತಾರೆ. ಆಗೆಲ್ಲ, ಅದನ್ನು ಬರೆದವರ ಮೇಲೆ ನನಗೆ ಹೊಟ್ಟೆ ಉರಿಯುತ್ತದೆ.